ಹಿತ್ತಿಲಿನ ತಿಳಿಸಾರು

ಹೋಟೆಲಿನಲ್ಲಿ ಊಟಕ್ಕೆ ಮೊದಲು ಸಣ್ಣ ಬಟ್ಟಲೊಂದರಲ್ಲಿ ಬಿಸಿಬಿಸಿ ಸೂಪು ಬರುತ್ತದೆ. ನಾವು ಚಮಚ ಹಿಡಿದು ಗಂಭೀರವಾಗಿ ಕುಳಿತು ಅದನ್ನು ಗುಟುಕು ಗುಟುಕಾಗಿ ಕುಡಿಯುತ್ತೇವೆ; ಕುಡಿದುದಕ್ಕೆ ಕೇಳಿದಷ್ಟು ದುಡ್ಡನ್ನೂ ಕೊಡುತ್ತೇವೆ. ಅದೇ ಮನೆಯಲ್ಲಿ ಸಾರಿನ ಪಾತ್ರೆಯ ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರೆ, “ಏನು, ಮೈ ಬಿಸಿಯಿದೆಯೆ?” ಎಂದು ಕೇಳುವವರುಂಟು. ತಿಳಿಸಾರೆಂದರೆ ಒಂದೋ ರೋಗಿಯ ಪಾಲಿನದು, ಇಲ್ಲವೆ ಅನ್ನಕ್ಕೆ ಕಲಸುವುದು ಎಂಬ ಎಣಿಕೆ ನಮ್ಮಲ್ಲಿ ಹೇಗೋ ನೆಲೆಯಾಗಿಬಿಟ್ಟಿದೆ. ಹೀಗಾಗಿ, ಸೂಪು ಬೇಕೆನಿಸಿದಾಗ ಅಂಗಡಿಯಿಂದ ಪೊಟ್ಟಣ ತಂದು ಹರಿಯುವ ಮನೆಗಳು ಹೆಚ್ಚುತ್ತಿವೆ. ಆ ಪೊಟ್ಟಣದ ಬೆನ್ನ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಿ ನೋಡಿ. ಪಟ್ಟಿಯ ಮೊದಲಲ್ಲೇ ಜೋಳದ ಹಿಟ್ಟು, ಸಕ್ಕರೆ, ಉಪ್ಪು ಕಾಣುತ್ತವೆ. ತರಕಾರಿಯ ಹೆಸರು ಬರುವುದು ಬಹಳ ಕೆಳಗೆ.

ನಾನು ಈ ಹೊತ್ತು ಹೇಳಬೇಕೆಂದಿರುವುದು ಹಿಟ್ಟು ಹಾಕಿ ಗಟ್ಟಿ ಮಾಡಿದ ಸೂಪಿನ ವಿಷಯವಲ್ಲ. ಚೀನ, ಜಪಾನು, ವಿಯೆಟ್ನಾಮು, ಇಂಡೊನೇಷ್ಯ ಮೊದಲಾದ ಪೂರ್ವದೇಶಗಳ ಮನೆಗಳಲ್ಲಿ ದಿನವೂ ಮಾಡುವಂಥ, ನೀರಿನಂತೆ ತೆಳ್ಳಗಿದ್ದು ತುಂಬ ರುಚಿಯಿರುವ ತರಕಾರಿಯ ತಿಳಿಸಾರಿನ ವಿಷಯ. ಅದಕ್ಕೆ ಬೇಕಾದ ಸಾಮಗ್ರಿಯನ್ನು ದೊಡ್ಡ ಪಟ್ಟಣದ ಬೆಡಗಿನ ಅಂಗಡಿಯಿಂದ ತರಿಸಬೇಕಾಗಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯ ಹಿತ್ತಿಲುಗಳಲ್ಲಿ ಅದರ ಬಹುಪಾಲು ಬೆಳೆದುನಿಂತಿದೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ ಮಳೆ ಹೊಡೆಯುವ ಆ ನಾಡಿನಲ್ಲಿ ಇಂಥ ಬಿಸಿ ಬಟ್ಟಲಿಗಿರುವ ಬೆಲೆ ಬಯಲುಸೀಮೆಯವರಿಗೆ ಹೇಳಿದರೆ ತಿಳಿಯಲಾರದು, ಕೊಟ್ಟಿಗೆಹಾರದಲ್ಲಿ ಒಂದು ಸಂಜೆ ನೆನೆದು ಬಂದು ಕುಡಿದರೆ ತಿಳಿದೀತು.

ಮೊದಲು ಹೆಸರಿನ ಮಾತು. ಸಾರು ಎಂಬುದು ನಮ್ಮ ಅಚ್ಚ ದೇಶೀ ಪದ. ತೆಲುಗಿನಲ್ಲಿ ಅದು ಚಾರು. ತಮಿಳಿನಲ್ಲೂ ಸಾರು ಎಂದೇ ಇದ್ದು ಹಿಂಡಿದ ರಸವೆಂಬ ಅರ್ಥವನ್ನು ಕೊಡುತ್ತದೆ. ಇಂಗ್ಲಿಷರು ನಮ್ಮ ದೇಶಕ್ಕೆ ಬಂದಾಗ ಅವರಿಗೆ ಊಟದ ಮೊದಲಿಗೆ ಸೂಪು ಬೇಕಾಗಿತ್ತು. ಮದರಾಸಿನ ಕಡೆಯ ಅಡಿಗೆಯವರು ಮೆಣಸಿನ ಸಾರನ್ನೇ ಹಿಗ್ಗಿಸಿ ಕೊಟ್ಟರು. ‘ಮಿಳಗು ತಣ್ಣಿ’, ಎಂದರೆ ಮೆಣಸಿನ ನೀರು, ಅವರ ಬಾಯಿಯಲ್ಲಿ ‘ಮಲ್ಲಿಗಟಾನಿ’ಯಾಗಿ ಸಮುದ್ರ ದಾಟಿತು. ನಮ್ಮ ಸಾರು ಹೀಗೆ ಒಮ್ಮೆ ಸೂಪಾಗಿ ಬಟ್ಟಲಿಗೆ ಏರಿದ್ದುಂಟು. ಅಲ್ಲಿ ಮಾಂಸ, ಹಿಟ್ಟು ಎಲ್ಲ ಸೇರಿ ಅದು ಗುರುತು ಸಿಗದಂತಾಯಿತೆಂಬುದು ಬೇರೆ ಮಾತು.

ಮೆಣಸಿನಕಾಯಿ ಪೋರ್ಚುಗೀಸರೊಡನೆ ಅಮೆರಿಕದಿಂದ ಬಂದದ್ದು; ಟೊಮೇಟೊ ಸಹ ಆ ಖಂಡದ್ದೇ. ಅವು ಬರುವುದಕ್ಕೆ ಮೊದಲು ನಮ್ಮ ಸಾರಿಗೆ ಖಾರವಿದ್ದದ್ದು ಕಾಳುಮೆಣಸಿನದು. ಆ ಬಳ್ಳಿ ಈ ಘಟ್ಟದ ಸ್ವಂತ ಮಗಳು. ಇಂದಿಗೂ ಕಾಫಿ ತೋಟದ ನೆರಳಿನ ಮರಗಳನ್ನು ತಬ್ಬಿಕೊಂಡು ಏರಿರುವುದನ್ನು ಕಾಣುತ್ತೀರಿ. ತಿಳಿಸಾರಿಗೆ ಈ ಹಳೆಯ ಖಾರವೇ ಒಪ್ಪುವುದು. ಒಣಮೆಣಸಿನಕಾಯಿ ನೀರನ್ನು ಕೆಂಪಗೆ ಮಾಡಿ ನಾಲಗೆಯನ್ನು ಹಿಡಿದುಕೊಳ್ಳುತ್ತದೆ. ಕಾಳುಮೆಣಸು ಗಂಟಲಿಗಿಳಿದು ಬೆಚ್ಚಗೆ ಮಾಡುತ್ತದೆ.

ಇನ್ನು ಪೂರ್ವದೇಶಗಳ ಕಡೆ ನೋಡೋಣ. ವಿಯೆಟ್ನಾಮಿನಲ್ಲಿ ‘ಕಾನ್ ಚುಅ’ ಎಂಬ ಸಾರಿದೆ. ಕಾನ್ ಎಂದರೆ ಸಾರು, ಚುಅ ಎಂದರೆ ಹುಳಿ. ಎಂದರೆ ಹುಳಿಸಾರೇ ಆಯಿತಲ್ಲ! ಹುಣಿಸೆಹಣ್ಣು, ಟೊಮೇಟೊ, ಬೆಂಡೆಕಾಯಿ, ಜೊತೆಗೆ ಕೆಸುವಿನ ಜಾತಿಯ ಒಂದು ಗಿಡದ ದಂಟು ಅದಕ್ಕೆ ಬೀಳುತ್ತವೆ. ಅವರು ಸಾಮಾನ್ಯವಾಗಿ ಮೀನು ಹಾಕುತ್ತಾರೆ, ಹಾಕದೆಯೂ ಮಾಡುತ್ತಾರೆ. ಇಂಡೊನೇಷ್ಯದವರ ‘ಸಾಯುರ್ ಬೆನಿಂಗ್’ ಎಂಬುದಕ್ಕೆ ತಿಳಿಯಾದ ತರಕಾರಿ ಎಂದೇ ಅರ್ಥ. ಅದಕ್ಕೆ ಅವರು ಹಾಕುವ ಸೊಪ್ಪುಗಳಲ್ಲಿ ಒಂದು ನಮ್ಮ ಮಲೆನಾಡಿನ ಬೇಲಿಯಲ್ಲಿ ನಿಂತಿರುವ ಚಕ್ರಮುನಿ. ಚೀನದವರು ಬೂದುಗುಂಬಳದ ತಿಳಿಸಾರು ಮಾಡುತ್ತಾರೆ, ಹೀರೆಕಾಯಿಯದು ಮಾಡುತ್ತಾರೆ, ಬಸಳೆಯದೂ ಮಾಡುತ್ತಾರೆ. ಫಿಲಿಪೀನಿನವರು ಸಾರಿಗೆ ನುಗ್ಗೆಸೊಪ್ಪು ಉದುರಿಸುತ್ತಾರೆ. ಥಾಯ್ಲೆಂಡಿನ ಸಾರಿನ ಪರಿಮಳವೆಲ್ಲ ಮಜ್ಜಿಗೆಹುಲ್ಲಿನದು. ಅದು ನಮ್ಮ ಮನೆಗಳ ಬಚ್ಚಲ ಹಿಂದೆ ಕಷಾಯಕ್ಕೆಂದು ಬೆಳೆದಿರುತ್ತದೆ. ಕೊರಿಯದವರು ಅಕ್ಕಿ ತೊಳೆದ ಎರಡನೆಯ ನೀರನ್ನು ಚೆಲ್ಲದೆ ಸಾರಿಗೆ ಬಳಸುತ್ತಾರೆ. ನಮ್ಮಲ್ಲಿ ಆ ಅಕ್ಕಚ್ಚು ನೇರವಾಗಿ ಕೊಟ್ಟಿಗೆಗೆ ಹೋಗುತ್ತದೆ. ದನಗಳು ನಮಗಿಂತ ಚೆನ್ನಾಗಿ ಸೂಪು ಕುಡಿಯುತ್ತಿವೆಯೆಂದು ಹೇಳಿದರೆ ಸುಳ್ಳಾಗಲಾರದು.

ಮಾಂಸವಿಲ್ಲದೆ, ಮೂಳೆಯಿಲ್ಲದೆ ಬರಿಯ ನೀರಿಗೆ ರುಚಿ ಬರುವುದೆಲ್ಲಿಂದ? ಇದನ್ನು ಕೇಳಿಕೊಂಡು ಉತ್ತರ ಕಂಡವರು ಜಪಾನಿನವರು. ಟೋಕಿಯೊ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ೧೯೦೮ರಲ್ಲಿ, ತಮ್ಮ ದೇಶದ ಸಾರಿಗೆ ಹಾಕುವ ಕೊಂಬು ಎಂಬ ಕಡಲಪಾಚಿಯಿಂದ ಗ್ಲುಟಮಿಕ್ ಆಮ್ಲವನ್ನು ಬೇರ್ಪಡಿಸಿ, ಸಿಹಿ ಹುಳಿ ಉಪ್ಪು ಕಹಿಗಳಲ್ಲದ ಆ ಐದನೆಯ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಹೋಟೆಲುಗಳಲ್ಲಿ ಚಿಟಿಕೆ ಚಿಟಿಕೆಯಾಗಿ ಬೀಳುವ ಬಿಳಿಯ ಪುಡಿ ಹುಟ್ಟಿದ್ದೂ ಆ ಶೋಧನೆಯಿಂದಲೇ. ೧೯೫೭ರಲ್ಲಿ ಅಕಿರಾ ಕುನಿನಾಕಾ ಎಂಬವರು ಅಣಬೆಯಲ್ಲಿ ಇನ್ನೊಂದು ರುಚಿದ್ರವ್ಯವನ್ನು ಕಂಡರು. ಇದೂ ಇಕೆಡಾ ಕಂಡದ್ದೂ ಒಂದೇ ಪಾತ್ರೆಯಲ್ಲಿ ಕೂಡಿದರೆ ಎರಡರ ಮೊತ್ತಕ್ಕಿಂತ ಎಷ್ಟೋ ಹೆಚ್ಚಿನ ರುಚಿ ಹುಟ್ಟುತ್ತದೆಂದು ತಿಳಿಯಿತು. ಇದರಿಂದ ನಮಗೇನು ಲಾಭ? ಇಕೆಡಾ ಕಂಡ ವಸ್ತು ಹಣ್ಣಾದ ಟೊಮೇಟೊದಲ್ಲಿ ಧಾರಾಳವಾಗಿದೆ. ಕುನಿನಾಕಾ ಕಂಡದ್ದು ಅಣಬೆಯಲ್ಲಿ, ಅದರಲ್ಲೂ ಒಣಗಿಸಿದ ಅಣಬೆಯಲ್ಲಿ ಇದೆ. ಒಂದು ಟೊಮೇಟೊ, ಒಂದು ಹಿಡಿ ಅಣಬೆ ಒಟ್ಟಿಗೆ ಕುದಿದರೆ ಪುಡಿಯ ಡಬ್ಬಿಯನ್ನು ತೆರೆಯಬೇಕಾಗುವುದೇ ಇಲ್ಲ. ಅಣಬೆ ತಿನ್ನದ ಮನೆಗಳಿಗೆ ನಮ್ಮ ಹಿರಿಯರ ಉಪಾಯವೇ ಇದೆ: ಹುರುಳಿಯನ್ನೋ ಹೆಸರುಕಾಳನ್ನೋ ಬೇಯಿಸಿ ಬಸಿದ ಕಟ್ಟು. ಮೈಸೂರಿನ ಕಡೆಯ ಬಸ್ಸಾರಿನ ಜೀವವೆಲ್ಲ ಆ ಬಸಿದ ನೀರಿನಲ್ಲಿದೆಯಷ್ಟೆ.

ಈಗ ಒಲೆಯ ಹತ್ತಿರ ಬರೋಣ. ನಾಲ್ವರಿಗೆ ಸಾಕಾಗುವಷ್ಟು ಹೇಳುತ್ತೇನೆ. ಅಕ್ಕಿ ತೊಳೆದ ಮೊದಲ ನೀರನ್ನು ಚೆಲ್ಲಿ, ಎರಡನೆಯದನ್ನು ಎರಡು ಲೋಟ ಹಿಡಿದಿಟ್ಟುಕೊಳ್ಳಿ. ಅದಕ್ಕೆ ನಾಲ್ಕು ಲೋಟ ತಣ್ಣೀರು ಸೇರಿಸಿ. ಒಂದು ಈರುಳ್ಳಿಯನ್ನು ಅಡ್ಡಕ್ಕೆ ಎರಡು ಮಾಡಿ, ಹೆಬ್ಬೆರಳು ಗಾತ್ರದ ಶುಂಠಿಯೊಡನೆ, ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಮೈ ಕಪ್ಪಾಗುವಷ್ಟು ಸುಡಿ. ಸುಟ್ಟ ಕಪ್ಪನ್ನು ಒರೆಸಿ ತೆಗೆಯಿರಿ, ತೊಳೆಯಬೇಡಿ. ಹೀಗೆ ಸುಡುವುದರಿಂದ ಸಾರಿಗೆ ಒಂದು ಸಣ್ಣ ಸಿಹಿಯೂ ಹೊಂಬಣ್ಣವೂ ಬರುತ್ತವೆ. ಅಣಬೆ ಸುಮಾರು ನೂರು ಗ್ರಾಂ ಇದ್ದರೆ ಸಾಕು. ಅದನ್ನು ಸೀಳಿ, ಎಣ್ಣೆ ಹಾಕದೆ ಬಾಣಲೆಯಲ್ಲಿ ನೀರೆಲ್ಲ ಆರಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಒಂದು ಗಜ್ಜರಿ, ಎಲೆಕೋಸಿನ ಹೊರಗಿನ ಎರಡು ಎಲೆ, ಅದರ ಗಟ್ಟಿ ದಿಂಡು, ಒಂದು ಹಣ್ಣು ಟೊಮೇಟೊ, ಕೊತ್ತಂಬರಿಯ ಬೇರು ಮತ್ತು ದಂಟು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಡೆದ ಹತ್ತು ಹನ್ನೆರಡು ಮೆಣಸಿನ ಕಾಳು. ಬೆಳ್ಳುಳ್ಳಿ ಬಳಸದವರು ಬಿಡಬಹುದು, ನಷ್ಟವೇನೂ ಇಲ್ಲ. ತರಕಾರಿ ಹೆಚ್ಚುವಾಗ ನಾವು ಬಿಸಾಡುವ ಭಾಗಗಳೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದನ್ನು ಗಮನಿಸಿ. ಮೂಲಂಗಿ ಮಾತ್ರ ಒಂದು ತುಂಡಿಗಿಂತ ಹೆಚ್ಚು ಬೇಡ. ಬೀಟ್ರೂಟು ಬೇಡವೇ ಬೇಡ. ಅದು ಯಾರ ಮಾತನ್ನೂ ಕೇಳದೆ ಪಾತ್ರೆಯನ್ನೆಲ್ಲ ತನ್ನ ಬಣ್ಣಕ್ಕೆ ತಿರುಗಿಸಿಕೊಳ್ಳುತ್ತದೆ.

ಇವೆಲ್ಲವನ್ನೂ ತಣ್ಣೀರಿಗೇ ಹಾಕಿ ಒಲೆಯ ಮೇಲಿಡಬೇಕು. ಕುದಿಯುವ ನೀರಿಗೆ ಹಾಕಿದರೆ ತರಕಾರಿ ಬೇಯುತ್ತದೆ. ತಣ್ಣೀರಿನಿಂದ ನಿಧಾನವಾಗಿ ಕಾದರೆ ತನ್ನಲ್ಲಿರುವುದನ್ನು ನೀರಿಗೆ ಬಿಡುತ್ತದೆ. ಒಂದು ಕುದಿ ಬಂದ ಕೂಡಲೇ ಉರಿಯನ್ನು ತೀರ ಇಳಿಸಿ. ಪಾತ್ರೆಯ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಮೇಲೆ ಕಟ್ಟಿದ ನೊರೆಯನ್ನು ಸೌಟಿನಿಂದ ತೆಗೆದು ಬಿಡಿ. ಸೌಟು ಹಾಕಿ ಕಲಕಬೇಡಿ. ಕಲಕಿದರೆ, ಇಲ್ಲವೆ ಕೊತಕೊತನೆ ಕುದಿಸಿದರೆ, ತರಕಾರಿ ಒಡೆದು ನೀರು ಕದಡುತ್ತದೆ. ಮುಚ್ಚಳ ಸ್ವಲ್ಪ ಓರೆಯಾಗಿರಲಿ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಮಾಂಸದ ಸೂಪನ್ನು ಗಂಟೆಗಟ್ಟಲೆ ಕುದಿಸುತ್ತಾರೆಂದು ಇದನ್ನೂ ಕುದಿಸಿದರೆ ಎಲೆಕೋಸು ತನ್ನ ಕೆಟ್ಟ ವಾಸನೆಯನ್ನು ಬಿಡಲಾರಂಭಿಸುತ್ತದೆ. ಕೊನೆಯ ಐದು ನಿಮಿಷದಲ್ಲಿ ಮಜ್ಜಿಗೆಹುಲ್ಲಿನ ಒಂದು ಬುಡವನ್ನು ಜಜ್ಜಿ ಹಾಕಿ. ಅನಂತರ ತೆಳುಬಟ್ಟೆಯಲ್ಲಿ ಸೋಸಿ, ಹಿಂಡದೆ, ತಾನಾಗಿ ಇಳಿಯುವಷ್ಟನ್ನೇ ತೆಗೆದುಕೊಳ್ಳಿ. ಅಕ್ಕಚ್ಚು ಹಾಕಿದುದರಿಂದ ಇದು ಗಾಜಿನಂತೆ ಹೊಳೆಯದು, ಎಳನೀರಿನ ಬಣ್ಣವಿರುತ್ತದೆ. ಗಾಜಿನಂತೆಯೇ ಇರಬೇಕೆನ್ನುವವರು ಬರಿಯ ನೀರು ಹಾಕಲಿ.

ಈ ತಿಳಿಗೆ ಈಗ ತಿನ್ನುವ ತರಕಾರಿ ಬೀಳಬೇಕು. ಮೊದಲಿನದು ರುಚಿಗೆ, ಇದು ಹಲ್ಲಿಗೆ. ಎಳೆಯ ಹೀರೆಕಾಯಿಯ ಬಿಲ್ಲೆ, ಕಾಗದದಷ್ಟು ತೆಳ್ಳಗೆ ಹೆಚ್ಚಿದ ಗಜ್ಜರಿ, ನಾಲ್ಕು ಹುರುಳಿಕಾಯಿಯನ್ನು ಓರೆಯಾಗಿ ಸೀಳಿದ್ದು, ಇವಕ್ಕೆ ನಾಲ್ಕೈದು ನಿಮಿಷ ಸಾಕು. ಬಸಳೆಯನ್ನೋ ನುಗ್ಗೆಯನ್ನೋ ಹಾಕುವುದಾದರೆ ಕೊನೆಯ ಎರಡು ನಿಮಿಷದಲ್ಲಿ. ಮುಕ್ಕಾಲು ಚಹದ ಚಮಚ ಉಪ್ಪು ಹಾಕಿ ಇಳಿಸಿ. ಇಳಿಸಿದ ಮೇಲೆಯೇ ನಿಂಬೆರಸ. ಒಲೆಯ ಮೇಲಿರುವಾಗ ಹಿಂಡಿದರೆ ಪರಿಮಳ ಹೋಗಿ ಕಹಿಯಾಗುತ್ತದೆ. ನಿಂಬೆಯ ಬದಲು ಎರಡು ಸಿಪ್ಪೆ ಪುನರ್ಪುಳಿಯನ್ನು ಬಿಸಿನೀರಿನಲ್ಲಿ ನೆನೆಸಿ ಆ ರಸವನ್ನು ಬಿಟ್ಟರೆ, ನನ್ನ ಮಟ್ಟಿಗೆ, ಅದಕ್ಕಿಂತ ಚೆನ್ನ. ಬಣ್ಣವೂ ಚೆಲುವು. ಹೆಚ್ಚು ಖಾರ ಬೇಡುವವರು ಬಟ್ಟಲಿಗೆ ಒಂದು ಸೂಜಿಮೆಣಸನ್ನು ಜಜ್ಜಿಕೊಳ್ಳಲಿ. ಪಾತ್ರೆಗೆ ಹಾಕಿ ಮಕ್ಕಳ ಕಣ್ಣಲ್ಲಿ ನೀರು ಬರಿಸುವುದು ಬೇಡ.

“ಒಗ್ಗರಣೆ?” ಎಂದು ಕೇಳುತ್ತೀರಿ. ಬೇಡ. ಇಂಗು ಸಾಸುವೆಗಳ ಮುಂದೆ ಅಣಬೆಯ ಮಾತೂ ಮಜ್ಜಿಗೆಹುಲ್ಲಿನ ಮಾತೂ ಕೇಳಿಸುವುದಿಲ್ಲ. ಹಿರಿಯರು ಗೊಣಗಿದರೆ ಅವರ ಬಟ್ಟಲಿಗೆ ಒಂದು ತೊಟ್ಟು ತುಪ್ಪ ಬಿಟ್ಟು ಸಮಾಧಾನಪಡಿಸಿ.

ಉಪ್ಪಿನ ವಿಷಯದಲ್ಲಿ ಇನ್ನೆರಡು ಮಾತು. ದೊಡ್ಡವರಿಗೆ ದಿನಕ್ಕೆ ಒಟ್ಟು ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಕ್ಕಾಲು ಚಮಚವೆಂದರೆ ಸುಮಾರು ನಾಲ್ಕು ಗ್ರಾಂ. ನಾಲ್ವರಿಗೆ ಹಂಚಿದರೆ ತಲೆಗೊಂದು ಗ್ರಾಂ ಆಯಿತು. ಬಟ್ಟಲಿನಲ್ಲಿ ಸೋಯಾ ರಸ ಸುರಿಯುವ ಅಭ್ಯಾಸವಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆ ಕಪ್ಪು ರಸದ ಒಂದು ಊಟದ ಚಮಚದಲ್ಲೇ ಎರಡು ಗ್ರಾಂಗಿಂತ ಹೆಚ್ಚು ಉಪ್ಪಿರುತ್ತದೆ. ಅದನ್ನು ಹಾಕಲೇಬೇಕೆಂದರೆ ಬೇರೆ ಉಪ್ಪನ್ನು ಬಿಡಿ.

ಮಲೆನಾಡಿನ ಮಳೆಗಾಲದ ಸಾರೆಂದ ಮೇಲೆ ಕಳಲೆಯ ಮಾತು ಬರದೆ ಇರುತ್ತದೆಯೆ? ಚೀನ ಜಪಾನುಗಳ ಸೂಪಿನಲ್ಲಿ ಬಿದಿರಿನ ಮೊಳಕೆ ಕಂಡು ಬೆರಗಾಗುವ ಪಟ್ಟಣದ ಮಕ್ಕಳಿಗೆ, ಅದು ತಮ್ಮ ಅಜ್ಜಿಯ ಮನೆಯ ಕಳಲೆಯೇ ಎಂದು ಹೇಳಿಕೊಡಬೇಕಾಗಿದೆ. ಆದರೆ ಇಲ್ಲಿ ಎಚ್ಚರ ಬೇಕು. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಅದು ಒಡೆದಾಗ ಸಯನೈಡು ಎಂಬ ಘೋರ ವಿಷ ಹುಟ್ಟುತ್ತದೆ. ನಮ್ಮ ಹೆಂಗಸರು ಈ ಹೆಸರನ್ನು ಕೇಳದಿದ್ದರೂ ಅದರ ಮದ್ದನ್ನು ಬಲ್ಲವರಾಗಿದ್ದರು. ಕಳಲೆಯನ್ನು ತೆಳ್ಳಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ, ಎರಡು ಮೂರು ದಿನ ನೆನೆಹಾಕುತ್ತಿದ್ದರು. ಆಮೇಲೆ ಮುಚ್ಚಳ ತೆಗೆದು ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲುತ್ತಿದ್ದರು. ಜಪಾನಿನವರು ತೌಡು ಹಾಕಿದ ನೀರಿನಲ್ಲೋ ಅಕ್ಕಚ್ಚಿನಲ್ಲೋ ಬೇಯಿಸಿ ಅದರ ಕಟುವನ್ನು ತೆಗೆಯುತ್ತಾರೆ. ಈಗ ಪಟ್ಟಣದಲ್ಲಿ ಸಂತೆಯಿಂದ ಕಳಲೆ ತಂದ ಸಂಜೆಯೇ ಕುಕ್ಕರಿಗೆ ಹಾಕಿ ಕೂಗಿಸುವವರನ್ನು ಕಂಡಿದ್ದೇನೆ. ಮುಚ್ಚಿದ ಪಾತ್ರೆಯಲ್ಲಿ, ಅದೇ ನೀರಿನಲ್ಲಿ! ಮೂರು ದಿನ ಕಾಯಲಾರದವರು ಬೇರೆ ತರಕಾರಿ ಹಾಕಿಕೊಳ್ಳುವುದು ಮೇಲು. ಕಳಲೆ ಬೆಂದ ನೀರು ಎಷ್ಟು ಪರಿಮಳವಾಗಿದ್ದರೂ ತಿಳಿಸಾರಿಗೆ ಸೇರತಕ್ಕದ್ದಲ್ಲ; ಬೆಂದ ಹೋಳುಗಳನ್ನು ಮಾತ್ರ ಕೊನೆಯಲ್ಲಿ ಹಾಕಬೇಕು.

ಅಣಬೆಯದು ಇದಕ್ಕಿಂತ ಕಠಿಣವಾದ ಮಾತು. ಮೊದಲ ಮಳೆಗೆ ಹುತ್ತದ ಮೇಲೆ ಏಳುವ ಅಣಬೆಗೆ ಮಲೆನಾಡಿನವರು ಪ್ರಾಣ ಬಿಡುತ್ತಾರೆ. ಬೇಟೆಯಂತೆ ಅದಕ್ಕೂ ಗುಟ್ಟಿನ ಜಾಗಗಳಿರುತ್ತವೆ, ಮಗನಿಗೂ ಹೇಳದಂಥವು. ಕಂಡು ತಿಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಸರಿ. ಇಲ್ಲದಿದ್ದರೆ ಅಂಗಡಿಯ ಸಾಕಿದ ಅಣಬೆಯೇ ಸಾಕು. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ಒಳ್ಳೆಯ ಅಣಬೆ, ಹುಳು ತಿಂದಿದ್ದರೆ ಒಳ್ಳೆಯ ಅಣಬೆ, ಅರಿಸಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ, ಇವೆಲ್ಲ ನಂಬತಕ್ಕ ಮಾತುಗಳಲ್ಲ. ಅತಿ ಕೆಟ್ಟ ಜಾತಿಯ ಅಣಬೆಗಳ ವಿಷ ಬೇಯಿಸಿದರೂ ಹೋಗದು, ಒಣಗಿಸಿದರೂ ಹೋಗದು. ತಿಂದು ಆರು ಗಂಟೆಗಿಂತಲೂ ಹೆಚ್ಚು ಹೊತ್ತು ಏನೂ ಆಗದಿರಬಹುದು, ಆಮೇಲೆ ವಾಂತಿಭೇದಿ, ಬಳಿಕ ವಾಸಿಯಾದಂತೆ ತೋರಿ, ಯಕೃತ್ತು ಕೆಡುತ್ತ ಹೋಗುತ್ತದೆ. ಅನುಮಾನ ಬಂದ ಕ್ಷಣವೇ, ಉಳಿದ ಅಣಬೆಯ ತುಂಡೊಂದನ್ನು ಕೈಯಲ್ಲಿ ಹಿಡಿದುಕೊಂಡು, ಆಸ್ಪತ್ರೆಗೆ ಹೋಗಬೇಕು. ಕಳಸದ ಆಚೆಯ ಒಂಟಿ ಮನೆಗಳಿಂದ ಮಳೆಗಾಲದ ರಾತ್ರಿ ಆಸ್ಪತ್ರೆ ತಲಪುವುದೆಂದರೇನೆಂದು ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಚಕ್ರಮುನಿಯ ಬಗ್ಗೆಯೂ ಒಂದು ಸಂಗತಿ. ೧೯೯೫ರ ಸುಮಾರಿಗೆ ತೈವಾನಿನಲ್ಲಿ ಮೈ ಇಳಿಸುವ ಆಸೆಯಿಂದ ಈ ಸೊಪ್ಪಿನ ಹಸಿ ರಸವನ್ನು ದಿನವೂ ಕುಡಿದ ಅನೇಕರಿಗೆ ಶ್ವಾಸಕೋಶದ ಗುಣವಾಗದ ಕಾಯಿಲೆ ಬಂತು. ಪ್ರಾಣ ಕಳೆದುಕೊಂಡವರೂ ಉಂಟು. ಹಿಡಿಯಷ್ಟು ಸೊಪ್ಪನ್ನು ಬೇಯಿಸಿ ಆಗೊಮ್ಮೆ ಈಗೊಮ್ಮೆ ಸಾರಿಗೆ ಹಾಕುವುದು ಬೇರೆ, ‘ವಿಟಮಿನ್ ಸೊಪ್ಪು’ ಎಂದು ಹಸಿಯಾಗಿ ಅರೆದು ಲೋಟಗಟ್ಟಲೆ ಕುಡಿಯುವುದು ಬೇರೆ. ಕೆಸುವಿನ ದಂಟಿನ ತುರಿಕೆ ಎಲ್ಲರಿಗೂ ಗೊತ್ತಿದ್ದದ್ದೇ. ಅದರಲ್ಲಿರುವ ಸೂಜಿಯಂಥ ಹರಳುಗಳು ಗಂಟಲಿಗೆ ಚುಚ್ಚುತ್ತವೆ. ಹುಣಿಸೆಯ ಹುಳಿಯಲ್ಲಿ ಚೆನ್ನಾಗಿ ಬೇಯಿಸಿದರೆ ತೊಂದರೆಯಿಲ್ಲ.

ಕೊನೆಗೆ, ಈ ಸಾರನ್ನು ಯಾರಿಗೆ ಎಷ್ಟು ಕೊಡಬೇಕೆಂಬ ಮಾತು. ಮೂಡಿಗೆರೆಯ ಕಡೆಯ ಬಂಧುಗಳ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿ ಜ್ವರದಿಂದ ಎದ್ದಿದ್ದರು. ಸೊಸೆ ಬಹಳ ಅಕ್ಕರೆಯಿಂದ ದಿನಕ್ಕೆ ಮೂರು ಹೊತ್ತು ತರಕಾರಿಯ ತಿಳಿಯನ್ನೇ ಕೊಡುತ್ತಿದ್ದಳು. “ಸತ್ತ್ವವೆಲ್ಲ ಇದರಲ್ಲೇ ಇದೆಯಲ್ಲ” ಎಂದು ಅವಳ ನಂಬಿಕೆ. ಹದಿನೈದು ದಿನಕ್ಕೆ ಅಜ್ಜಿ ಗೋಡೆ ಹಿಡಿಯದೆ ಏಳಲಾರದಂತಾದರು. ನೋಡಲು ಬಂದ ವೈದ್ಯರು ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು, “ಚೆನ್ನಾಗಿದೆ ತಾಯಿ, ಆದರೆ ಇದು ನೀರು” ಎಂದರು. ತಿಳಿಸಾರು ಹಸಿವನ್ನು ಎಬ್ಬಿಸುತ್ತದೆ, ನೀರು ಉಪ್ಪುಗಳನ್ನು ಕೊಡುತ್ತದೆ, ಗಂಟಲನ್ನು ಬೆಚ್ಚಗಿಡುತ್ತದೆ. ಮೈಗೆ ಬಲ ಕೊಡುವ ಸಸಾರಜನಕ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಂದಿನಿಂದ ಅದೇ ಸಾರಿನಲ್ಲಿ ಒಂದು ಹಿಡಿ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿ, ಎರಡು ಚಮಚ ಮೆತ್ತನೆಯ ಅನ್ನವನ್ನು ಕಿವುಚಿ ಸೇರಿಸಿ ಕೊಡಲಾರಂಭಿಸಿದರು. ಅಜ್ಜಿ ಶ್ರಾವಣದ ಹೊತ್ತಿಗೆ ಹಿತ್ತಿಲಿಗೆ ಇಳಿದು ಬಸಳೆ ಚಪ್ಪರವನ್ನು ವಿಚಾರಿಸಿಕೊಳ್ಳುತ್ತಿದ್ದರು. ಮೊಟ್ಟೆ ತಿನ್ನುವವರು ಕುದಿಯುವ ಸಾರಿಗೆ ಒಂದು ಮೊಟ್ಟೆಯನ್ನು ಕಲಕಿ ಎಳೆಯಾಗಿ ಬಿಡಬಹುದು. ಚೀನದವರ ಮನೆಗಳಲ್ಲಿ ಇದು ತೀರ ಸಾಮಾನ್ಯ. ಮೂತ್ರಪಿಂಡದ ತೊಂದರೆಯಿರುವವರಿಗೆ ಮಾತ್ರ ತರಕಾರಿಯ ಬಸಿದ ನೀರು ಎಲ್ಲ ಕಾಲಕ್ಕೂ ಹಿತವಲ್ಲ. ಅದರಲ್ಲಿ ಇಳಿದಿರುವ ಪೊಟ್ಯಾಸಿಯಮ್ ಅವರಿಗೆ ಆಗದು. ವೈದ್ಯರನ್ನು ಕೇಳಿಯೇ ಕೊಡಬೇಕು.

ಸೋಸಿದಾಗ ಬಟ್ಟೆಯಲ್ಲಿ ಉಳಿದ ತರಕಾರಿಯಲ್ಲಿ ರುಚಿಯಿಲ್ಲದಿದ್ದರೂ ನಾರಿದೆ. ಶುಂಠಿ, ಬೇರು, ಮಜ್ಜಿಗೆಹುಲ್ಲುಗಳನ್ನು ಆರಿಸಿ ತೆಗೆದು, ಮಿಕ್ಕುದನ್ನು ಕಿವುಚಿ, ಕಾಯಿತುರಿ ಹಸಿಮೆಣಸಿನಕಾಯಿಯೊಡನೆ ಅಕ್ಕಿಹಿಟ್ಟಿಗೆ ಕಲಸಿದರೆ ಮರುದಿನದ ತಿಂಡಿಗೆ ರೊಟ್ಟಿಯಾಯಿತು. ಸೋಸಿದ ತಿಳಿಯನ್ನು ಹೆಚ್ಚಾಗಿ ಮಾಡಿ ತಂಗಳುಪೆಟ್ಟಿಗೆಯಲ್ಲಿ ಎರಡು ದಿನ ಇಡಬಹುದು. ಕರೆಂಟು ಹೋಗಿ ದಿನಗಟ್ಟಲೆ ಬಾರದ ಮಳೆಗಾಲದಲ್ಲಿ ಅದೂ ಬೇಡ. ಅಂದಂದಿನದು ಅಂದಂದಿಗೆ, ಉಳಿದದ್ದು ಅಕ್ಕಚ್ಚಿನ ಜೊತೆಗೆ ಕೊಟ್ಟಿಗೆಗೆ.